ಬೈದವನೇ ಗುರುವಾ?

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ಒಂದು ಸೀರಿಯಲ್ ಬಗ್ಗೆ ಮಾತಾಡೋಣ. ಸಂಜೆ ಏಳಕ್ಕೆ ಶುರುವಾಗುವ ನಮ್ಮ ಅತ್ತೆ-ಸೊಸೆ ಸೀರಿಯಲ್ ಅಲ್ಲ. ಅಮೆರಿಕದ್ದು. ಹೆಸರು ‘ದಿ ಬೇರ್’, ಅಂದರೆ ಕರಡಿ. 2022ರ ಜೂನ್‌ನಲ್ಲಿ ಶುರುವಾಯ್ತು, ನಾಲ್ಕನೇ ಸೀಸನ್ 2025ರ ಜೂನ್‌ನಲ್ಲಿ ಬಂತು. ನಮ್ಮಲ್ಲಿ ಹಾಟ್‌ಸ್ಟಾರ್‌ನಲ್ಲಿ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಶಿಕಾಗೋ ನಗರದ ಒಂದು ಹೋಟೆಲಿನ ಅಡುಗೆಮನೆ. ಅಲ್ಲಿ ಬೆಂಕಿ, ಚಾಕು, ಬೆವರು, ಕಿರುಚಾಟ. ಕಥೆ ನಡೆಯೋದೇ ಅಲ್ಲಿ.

ಅಮೆರಿಕದ ಹೋಟೆಲ್ ಕಥೆ ಕಟ್ಟಿಕೊಂಡು ನಮಗೇನ್ರೀ ಆಗಬೇಕು ಅಂತ ನೀವು ಕೇಳಬಹುದು. ಆಗಬೇಕಾದ್ದು ಇದೆ. ಈ ಸೀರಿಯಲ್ ನೋಡಿದ ಹುಡುಗರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತೆ: “ಅಷ್ಟು ಬೈಸಿಕೊಂಡಿದ್ದಕ್ಕೇ ಸಾರ್ ಅವನು ಅಷ್ಟು ದೊಡ್ಡ ಶೆಫ್ ಆಗಿದ್ದು.” ನನ್ನ ತಕರಾರು ಈ ಮಾತಿನ ಬಗ್ಗೆ. ಈ ಮಾತನ್ನ ಸೀರಿಯಲ್ ನೇರವಾಗಿ ಹೇಳೋದಿಲ್ಲ. ಆದರೆ ಅದು ಸುಳ್ಳು ಅಂತಲೂ ಗಟ್ಟಿಯಾಗಿ ಹೇಳೋದಿಲ್ಲ. ಹೇಳೋದಕ್ಕೆ ಬೇಕಾದ ಸಾಕ್ಷಿಯೆಲ್ಲ ಅದರ ಕೈಯಲ್ಲೇ ಇತ್ತು.

ನೋಡದವರಿಗಾಗಿ ಕಥೆ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಕಾರ್ಮಿ ಅಂತ ಒಬ್ಬ ಯುವಕ. ಪಾತ್ರ ಮಾಡಿದ್ದು ಜೆರೆಮಿ ಅಲೆನ್ ವೈಟ್. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಪಳಗಿ ಹೆಸರು ಮಾಡಿದವನು. ಅಣ್ಣ ಆತ್ಮಹತ್ಯೆ ಮಾಡಿಕೊಳ್ತಾನೆ. ಅಣ್ಣ ನಡೆಸುತ್ತಿದ್ದ ಸ್ಯಾಂಡ್‌ವಿಚ್ ಅಂಗಡಿ ತಮ್ಮನ ತಲೆಗೆ ಬರುತ್ತೆ, ಜತೆಗೆ ಅಣ್ಣ ಮಾಡಿಟ್ಟ 3 ಲಕ್ಷ ಡಾಲರ್ ಸಾಲ. ಅಂಗಡಿಯಲ್ಲಿ ಹಳೇ ಕೆಲಸಗಾರರು. ಹೊಸದಾಗಿ ಸಿಡ್ನಿ ಅನ್ನೋ ಹುಡುಗಿ ಸೇರ್ತಾಳೆ, ಚುರುಕು, ಕನಸಿದೆ. ಎಲ್ಲರೂ ಸೇರಿ ಆ ಅಂಗಡಿಯನ್ನ ದೊಡ್ಡ ರೆಸ್ಟೋರೆಂಟ್ ಮಾಡಲು ಹೊರಡ್ತಾರೆ. ಇಷ್ಟು ಕಥೆ.

ಮೊದಲು ಒಳ್ಳೇದನ್ನ ಹೇಳೋಣ. ಹೊಗಳಬೇಕಾದ್ದನ್ನ ಹೊಗಳದೆ ಬೈಯೋಕೆ ಹೋಗಬಾರದು.

ಮೊದಲ ಸೀಸನ್ನಿನ ಏಳನೇ ಕಂತು. ಸುಮಾರು 18 ನಿಮಿಷ ಕ್ಯಾಮೆರಾ ಕಟ್ ಆಗೋದಿಲ್ಲ, ಒಂದೇ ಶಾಟ್. ಆನ್‌ಲೈನ್ ಆರ್ಡರ್ ವ್ಯವಸ್ಥೆಯಲ್ಲಿ ಮುಂಗಡ ಆರ್ಡರ್ ಆಯ್ಕೆ ತೆರೆದೇ ಉಳಿದುಬಿಟ್ಟಿದೆ. ಬಾಗಿಲು ತೆಗೆಯೋ ಮೊದಲೇ ಪ್ರಿಂಟರ್‌ನಿಂದ ಚೀಟಿ ಬರ್ತಾನೇ ಇದೆ, ಬರ್ತಾನೇ ಇದೆ. ಕಾರ್ಮಿಗೆ ತಲೆ ಕೆಡುತ್ತೆ. ಎಲ್ಲರ ಮೇಲೂ ಹಾರಾಡ್ತಾನೆ. ಮಾರ್ಕಸ್ ಅನ್ನೋ ಹುಡುಗ ದಿನಗಟ್ಟಲೆ ಕೂತು ಕಲಿತು ಮಾಡಿದ ಡೋನಟ್ ತಂದು ತೋರಿಸಿದರೆ, ಅದನ್ನ ಕೈಯಿಂದ ಹೊಡೆದು ನೆಲಕ್ಕೆ ಬೀಳಿಸ್ತಾನೆ. ಸಿಡ್ನಿ ಕೆಲಸ ಬಿಟ್ಟು ನಡೀತಾಳೆ. ಮಾರ್ಕಸ್ಸೂ ಹೋಗ್ತಾನೆ. ಹೋಟೆಲ್ ಕೆಲಸ ಮಾಡಿದವರು ಆ ಕಂತನ್ನ ಪೂರ್ತಿ ನೋಡೋಕಾಗದೆ ಎದ್ದು ಹೋದರೆ ಆಶ್ಚರ್ಯ ಇಲ್ಲ. ಅಷ್ಟು ನಿಜ ಅನ್ನಿಸುತ್ತೆ.

ಇನ್ನೊಂದು ದೃಶ್ಯ ಅದಕ್ಕಿಂತ ನಿಜ. ನ್ಯೂಯಾರ್ಕಿನ ಹಳೇ ದಿನಗಳು. ಕಾರ್ಮಿಯ ಹಿಂದೆ ಅವನ ಹೆಡ್ ಶೆಫ್ ಬಂದು ನಿಲ್ತಾನೆ. ಕಿರುಚೋದಿಲ್ಲ. ಕಿವಿಯ ಹತ್ತಿರ ಪಿಸುಗುಡ್ತಾನೆ. ನಿನಗೆ ಪ್ರತಿಭೆ ಇಲ್ಲ, ನೀನು ಬದುಕಿರೋದೇ ದಂಡ ಅನ್ನೋ ಅರ್ಥದ ಮಾತು. ಜೋಯೆಲ್ ಮೆಕ್‌ಹೇಲ್ ಆ ಪಾತ್ರ ಮಾಡಿದ್ದಾರೆ. ಅಡುಗೆಮನೆ ಎಷ್ಟು ಸ್ವಚ್ಛ ಅಂದ್ರೆ ಆಸ್ಪತ್ರೆ ಥರ. ಸದ್ದಿಲ್ಲ. ಆ ಸದ್ದಿಲ್ಲದ ಜಾಗದಲ್ಲಿ ಒಬ್ಬ ಮನುಷ್ಯನನ್ನ ದಿನಾ ಸ್ವಲ್ಪ ಸ್ವಲ್ಪ ಮುರಿಯೋ ಕೆಲಸ ನಡೀತಿದೆ. ಹಿಂಸೆ ಅಂದರೆ ಕಿರುಚಾಟ ಮಾತ್ರ ಅಂದುಕೊಂಡವರಿಗೆ ಈ ದೃಶ್ಯ ಒಳ್ಳೇ ಪಾಠ. ಮುಂದೆ ಕಾರ್ಮಿ ತನ್ನ ಹುಡುಗರ ಮೇಲೆ ಹಾರಾಡುವಾಗ ಆ ಮಾತು ಎಲ್ಲಿಂದ ಬಂತು ಅಂತ ನಮಗೆ ಗೊತ್ತಾಗುತ್ತೆ. ಅತ್ತೆಯಿಂದ ತಿಂದದ್ದನ್ನ ಸೊಸೆ ಅತ್ತೆಯಾದ ಮೇಲೆ ತನ್ನ ಸೊಸೆಗೆ ತೀರಿಸ್ತಾಳಲ್ಲ, ಅದೇ ಲೆಕ್ಕ.

ಇಷ್ಟಕ್ಕೆ ಸೀರಿಯಲ್‌ಗೆ ಪೂರ್ತಿ ಮಾರ್ಕು.

ಈಗ ಸ್ವಲ್ಪ ಇತಿಹಾಸ ಕೇಳಿ. ದೊಡ್ಡ ಹೋಟೆಲಿನ ಅಡುಗೆಮನೆ ಸೈನ್ಯದ ಥರ ಇರಬೇಕು, ಅಲ್ಲಿ ಗದರೋದು ಸಂಪ್ರದಾಯ ಅಂತ ಒಂದು ನಂಬಿಕೆ ಇದೆ. ಈ ಸೈನ್ಯದ ಮಾದರಿ ತಂದವರು ಫ್ರಾನ್ಸಿನ ಆಗಸ್ಟ್ ಎಸ್ಕೋಫಿಯೇ. 1870ರ ಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕೆ ಅಡುಗೆ ಮಾಡಿದ ಮನುಷ್ಯ. 1890ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿಗೆ ಬಂದರು. ಸಾರಿಗೆ ಒಬ್ಬ, ಮಾಂಸಕ್ಕೆ ಒಬ್ಬ, ಸಿಹಿಗೆ ಒಬ್ಬ ಅಂತ ಕೆಲಸ ಹಂಚಿದರು. ಎಲ್ಲರ ಮೇಲೆ ಒಬ್ಬ ಶೆಫ್. ಇವತ್ತಿಗೂ ಜಗತ್ತಿನ ದೊಡ್ಡ ಹೋಟೆಲುಗಳು ನಡೆಯೋದು ಆ ಕ್ರಮದಲ್ಲೇ. ಆದರೆ ಆ ಎಸ್ಕೋಫಿಯೇ ತಮ್ಮ ಅಡುಗೆಮನೆಯಲ್ಲಿ ಕುಡಿತ ನಿಲ್ಲಿಸಿದ್ದರು, ಕೆಟ್ಟ ಬೈಗುಳ ನಿಲ್ಲಿಸಿದ್ದರು. ಸೆಖೆಗೆ ಕುಡಿಯೋಕೆ ಬಾರ್ಲಿ ನೀರು ಕೊಡಿಸ್ತಿದ್ದರು. ಅಂದಮೇಲೆ ಬೈಗುಳ ಸಂಪ್ರದಾಯ ಹೇಗಾಗುತ್ತೆ ಸ್ವಾಮಿ? ಸಂಪ್ರದಾಯ ಕಟ್ಟಿದವರೇ ಅದನ್ನ ಹೊರಗಿಟ್ಟಿದ್ದರು.

ಬೈಗುಳವನ್ನ ಮನರಂಜನೆ ಮಾಡಿದ್ದು ನಮ್ಮ ಕಸುಬಿನವರು, ಟಿವಿಯವರು. ಗಾರ್ಡನ್ ರಾಮ್ಸೆ ಅವರ ‘ಹೆಲ್ಸ್ ಕಿಚನ್’ ಅಮೆರಿಕದಲ್ಲಿ 2005ರಿಂದ ಬರ್ತಿದೆ. ಅಲ್ಲಿ ಅಡುಗೆಗಿಂತ ಬೈಗುಳವೇ ಮುಖ್ಯ ಐಟಂ. ಜನ ನಕ್ಕರು, ಚಪ್ಪಾಳೆ ಹೊಡೆದರು, ಶೆಫ್ ಅಂದರೆ ಹೀಗೇ ಇರಬೇಕು ಅಂದುಕೊಂಡರು. ಅದಕ್ಕೂ ಮೊದಲು, 2000ದಲ್ಲಿ ಆಂಥೋನಿ ಬೋರ್ಡೇನ್ ‘ಕಿಚನ್ ಕಾನ್ಫಿಡೆನ್ಷಿಯಲ್’ ಅಂತ ಪುಸ್ತಕ ಬರೆದು ಅಡುಗೆಮನೆಯ ಒರಟುತನವನ್ನ ಗಂಡಸುತನ ಅನ್ನುವಂತೆ ತೋರಿಸಿದ್ದರು. 2017ರಲ್ಲಿ ಅಮೆರಿಕದ ಹೆಸರಾಂತ ಶೆಫ್‌ಗಳ ಮೇಲೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ದೂರು ಹೇಳತೊಡಗಿದಾಗ ಅದೇ ಬೋರ್ಡೇನ್, ಆ ಕೆಟ್ಟ ಸಂಸ್ಕೃತಿಗೆ ನನ್ನ ಪುಸ್ತಕವೂ ಬಲ ಕೊಟ್ಟಿತೇನೋ ಅಂತ ಬಹಿರಂಗವಾಗಿ ಬರೆದರು. ದೊಡ್ಡ ಮಾತು ಅದು.

ಡೆನ್ಮಾರ್ಕಿನ ನೋಮಾ ಅನ್ನೋ ರೆಸ್ಟೋರೆಂಟ್ ಜಗತ್ತಿನಲ್ಲೇ ನಂಬರ್ ಒನ್ ಅಂತ ಐದು ಸಲ ಅನ್ನಿಸಿಕೊಂಡಿತು. ಅದರ ರೆನೆ ರೆಡ್ಜೆಪಿ 2015ರಲ್ಲೇ, ನಾನು ಕೆಲಸದವರ ಮೇಲೆ ಕಿರುಚಾಡಿದ್ದೇನೆ, ದಬ್ಬಾಳಿಕೆ ಮಾಡಿದ್ದೇನೆ ಅಂತ ಬರೆದು ಒಪ್ಪಿಕೊಂಡರು. 2023ರ ಜನವರಿಯಲ್ಲಿ, ಈ ಮಟ್ಟದ ಊಟದ ವ್ಯವಸ್ಥೆ ಉಳಿಯುವಂಥದ್ದಲ್ಲ, ಮಾಮೂಲಿ ರೆಸ್ಟೋರೆಂಟ್ ಆಗಿ ನಡೆಸೋದನ್ನ ನಿಲ್ಲಿಸ್ತೀವಿ ಅಂದರು. ಈ ಲೋಕದ ತುತ್ತತುದಿಯಲ್ಲಿ ನಿಂತವರೇ ಇದರಲ್ಲಿ ಏನೋ ತಪ್ಪಿದೆ ಅಂತಿದ್ದಾರೆ.

ಈಗ ಸೀರಿಯಲ್‌ಗೆ ವಾಪಸ್ ಬರೋಣ. ಮೂರನೇ ಸೀಸನ್ನಿನ ಕೊನೇ ಕಂತು, 2024. ಒಂದು ಔತಣಕೂಟದಲ್ಲಿ ಕಾರ್ಮಿಗೆ ಆ ಪಿಸುಗುಟ್ಟೋ ಶೆಫ್ ಮತ್ತೆ ಸಿಗ್ತಾನೆ. ವರ್ಷಗಟ್ಟಲೆ ಮನಸ್ಸಲ್ಲಿ ಇಟ್ಟುಕೊಂಡಿದ್ದನ್ನ ಕಾರ್ಮಿ ಹೇಳೋಕೆ ಹೋಗ್ತಾನೆ. ಹೊಟ್ಟೆಯಲ್ಲಿ ಹುಣ್ಣಾಯ್ತು, ನಿದ್ದೆಯಲ್ಲಿ ಕೆಟ್ಟ ಕನಸು, ಉಸಿರು ಕಟ್ಟಿದ ಹಾಗಾಗುತ್ತೆ, ಎಲ್ಲ ನಿನ್ನಿಂದ ಅಂತಾನೆ. ಮಾತು ತೊದಲುತ್ತೆ. ಎದುರಿಗಿದ್ದವನು ನಗ್ತಾನೆ. ನೀನು ಬಂದಾಗ ಸಾಧಾರಣ ಅಡುಗೆಯವನು, ಹೋಗುವಾಗ ಅಸಾಧಾರಣ ಶೆಫ್ ಆಗಿದ್ದೆ, ನನಗೆ ಥ್ಯಾಂಕ್ಸ್ ಹೇಳು ಅನ್ನೋ ಧಾಟಿಯಲ್ಲಿ ಮಾತಾಡಿ ಎದ್ದು ಹೋಗ್ತಾನೆ. ಕಾರ್ಮಿ ಹಾಗೇ ನಿಂತಿರ್ತಾನೆ. ಅವನ ಬಾಯಲ್ಲಿ ಉತ್ತರ ಇಲ್ಲ.

ನಟನೆ ಅದ್ಭುತ, ಒಪ್ಪೋಣ. ಜೀವನದಲ್ಲಿ ಹಾಗೇ ಆಗೋದು, ನಮ್ಮನ್ನ ನೋಯಿಸಿದವರ ಎದುರಿಗೆ ಮಾತು ಹೊರಡೋದಿಲ್ಲ, ಅದೂ ಸರಿ. ಆದರೆ ನೋಡೋನ ಮನಸ್ಸಲ್ಲಿ ಉಳಿದಿದ್ದು ಏನು? ‘ಹೌದಲ್ಲ, ಅವನು ಹೇಳಿದ್ರಲ್ಲೂ ಅರ್ಥ ಇದೆಯಲ್ಲ’ ಅನ್ನೋ ಅನುಮಾನ. ಆ ಅನುಮಾನ ಉಳಿಸಿದ್ದೇ ಈ ಸೀರಿಯಲ್ಲಿನ ತಪ್ಪು ಅಂತ ನಾನು ಹೇಳೋದು.

ಯಾಕೆ ತಪ್ಪು? ಸೀರಿಯಲ್ಲೇ ಕೊಟ್ಟ ಸಾಕ್ಷಿ ಎಣಿಸ್ತೀನಿ, ನೀವೇ ತೀರ್ಪು ಕೊಡಿ.

ಒಂದು. ಕಾರ್ಮಿ ಆ ಒಬ್ಬನ ಹತ್ತಿರ ಮಾತ್ರ ಕಲಿತವನಲ್ಲ. ಅದೇ ಕೊನೇ ಕಂತಿನ ಆರಂಭದಲ್ಲಿ ಥಾಮಸ್ ಕೆಲ್ಲರ್ ಅನ್ನೋ ನಿಜವಾದ ಶೆಫ್ ಬರ್ತಾರೆ, ತಮ್ಮ ಪಾತ್ರದಲ್ಲೇ. ಹುಡುಗನ ಪಕ್ಕ ನಿಂತು ಕೋಳಿಗೆ ದಾರ ಕಟ್ಟೋದು ಹೇಗೆ ಅಂತ ಶಾಂತವಾಗಿ ತೋರಿಸ್ತಾರೆ. ಇದೇ ಸೀಸನ್ನಿನಲ್ಲಿ ನೋಮಾದ ರೆಡ್ಜೆಪಿಯೂ ಮುಖ ತೋರಿಸಿ ಹೋಗ್ತಾರೆ. ಒಲಿವಿಯಾ ಕೋಲ್ಮನ್ ಮಾಡಿದ ಟೆರ್ರಿ ಅನ್ನೋ ಶೆಫ್ ಪಾತ್ರ ಇದೆ, ಆಕೆ ಹತ್ತಿರವೂ ಕಾರ್ಮಿ ಕೆಲಸ ಮಾಡಿದವನು. ಹಾಗಿದ್ದ ಮೇಲೆ ವಿದ್ಯೆಯ ಯಶಸ್ಸೆಲ್ಲ ಹೆದರಿಸಿದವನೊಬ್ಬನ ಖಾತೆಗೆ ಯಾಕೆ ಜಮಾ ಆಗಬೇಕು?

ಎರಡು. ರಿಚಿ ಅನ್ನೋ ಪಾತ್ರ. ಬಾಯಿಬಡುಕ, ಎಲ್ಲರ ಜತೆ ಜಗಳ, ಯಾವ ಕೆಲಸಕ್ಕೂ ಬಾರದವನು ಅಂತ ಎಲ್ಲರೂ ಕೈಬಿಟ್ಟವನು. ಎರಡನೇ ಸೀಸನ್ನಿನಲ್ಲಿ ಅವನನ್ನ ಆ ಟೆರ್ರಿಯ ರೆಸ್ಟೋರೆಂಟಿಗೆ ಕಳಿಸ್ತಾರೆ. ಮೊದಲು ಕೊಡೋ ಕೆಲಸ ಫೋರ್ಕ್ ಒರೆಸೋದು. ಅವನಿಗೆ ಅವಮಾನ ಅನ್ನಿಸುತ್ತೆ. ಆದರೆ ಅಲ್ಲಿ ಯಾರೂ ಅವನನ್ನ ಕೀಳಾಗಿ ಕಾಣೋದಿಲ್ಲ. ಯಾಕೆ ಒರೆಸಬೇಕು, ಬಂದ ಅತಿಥಿಗೆ ಅದರಿಂದ ಏನಾಗುತ್ತೆ ಅಂತ ಹೇಳಿಕೊಡ್ತಾರೆ. ಒಂದು ಬೆಳಗ್ಗೆ ಹೋದರೆ ಒಡತಿಯೇ ಕೂತು ಅಣಬೆ ಸಿಪ್ಪೆ ತೆಗೀತಿದ್ದಾಳೆ. ವಾರದಲ್ಲಿ ಆ ಮನುಷ್ಯ ಬೇರೆಯವನೇ ಆಗಿಬಿಡ್ತಾನೆ. ಇಡೀ ಸೀರಿಯಲ್ಲಿನಲ್ಲಿ ನನ್ನ ಕಣ್ಣು ಒದ್ದೆ ಮಾಡಿದ ಕಂತು ಅದು.

ಮೂರು. ಟೀನಾ ಅನ್ನೋ ಹಳೇ ಕೆಲಸಗಾರ್ತಿ. ಮೊದಮೊದಲು ಸಿಡ್ನಿಗೆ ಕಿರುಕುಳ ಕೊಡ್ತಾಳೆ. ಒಂದು ದಿನ ಅವಳು ಮಾಡಿದ ಆಲೂಗಡ್ಡೆ ರುಚಿ ನೋಡಿ ಸಿಡ್ನಿ ಚೆನ್ನಾಗಿದೆ ಅಂತಾಳೆ. ಟೀನಾ ಮುಖ ನೋಡಬೇಕು ನೀವು. ಮುಂದೆ ಅಡುಗೆ ಶಾಲೆಗೆ ಹೋಗ್ತಾಳೆ, ಸಿಡ್ನಿಯ ಬಲಗೈ ಆಗ್ತಾಳೆ. ಮಾರ್ಕಸ್‌ನನ್ನ ಕೋಪನ್‌ಹೇಗನ್ನಿಗೆ ಕಳಿಸ್ತಾರೆ. ಅಲ್ಲಿ ಲೂಕಾ ಅನ್ನೋ ಶೆಫ್, ಮತ್ತೆ ಮಾಡು, ಮತ್ತೆ ಮಾಡು ಅಂತ ತಿದ್ದುತ್ತಾನೆ, ಆದರೆ ದನಿ ಏರಿಸೋದಿಲ್ಲ.

ನಾಲ್ಕು. ಹೊಸ ರೆಸ್ಟೋರೆಂಟಿನ ಆರಂಭದ ರಾತ್ರಿ ಕಾರ್ಮಿ ತಣ್ಣನೆಯ ಕೋಣೆಯೊಳಗೆ, ಆ ದೊಡ್ಡ ಫ್ರಿಜ್ಜಿನೊಳಗೆ ಸಿಕ್ಕಿಹಾಕಿಕೊಳ್ತಾನೆ. ಹೊರಗೆ ಸಿಡ್ನಿ, ರಿಚಿ ಎಲ್ಲ ಸೇರಿ ಆ ರಾತ್ರಿಯ ಊಟ ದಡ ಸೇರಿಸ್ತಾರೆ. ಮಹಾನ್ ಶೆಫ್ ಬೀಗದೊಳಗಿದ್ದಾನೆ, ಅಡುಗೆಮನೆ ನಡೀತಾ ಇದೆ! ಅವನು ಅದರಿಂದ ಕಲಿತದ್ದೇನು? ನಾನು ಇನ್ನೂ ಬಿಗಿಯಾಗಿರಬೇಕು ಅನ್ನೋದನ್ನ. ಮುಂದಿನ ಸೀಸನ್ನಿನಲ್ಲಿ ದಿನಾ ಮೆನು ಬದಲಾಯಿಸಿ ಎಲ್ಲರ ಪ್ರಾಣ ಹಿಂಡ್ತಾನೆ.

ಈ ನಾಲ್ಕೂ ಪಕ್ಕಪಕ್ಕ ಇಟ್ಟು ನೋಡಿ. ಸೀರಿಯಲ್ಲಿನಲ್ಲಿ ಯಾರು ಯಾರು ಮೇಲೆ ಬಂದರೋ ಅವರನ್ನ ಯಾರೋ ಒಬ್ಬರು ನಂಬಿ, ಸಮಯ ಕೊಟ್ಟು ಕಲಿಸಿದ್ದಾರೆ. ಯಾರು ಹೆದರಿಕೆಯಲ್ಲಿ ಬೆಳೆದನೋ ಅವನು ಮಾತ್ರ ನಿಂತಲ್ಲೇ ಒದ್ದಾಡ್ತಿದ್ದಾನೆ. ಕಥೆ ಬರೆದವರಿಗೆ ಇದು ಗೊತ್ತಿಲ್ಲದೆ ಇರುತ್ತಾ? ಗೊತ್ತು. ಆದರೂ ಗಟ್ಟಿಯಾಗಿ ಹೇಳೋ ಹೊತ್ತಿಗೆ ಕ್ಯಾಮೆರಾ ಕಾರ್ಮಿಯ ನೋವಿನ ಮುಖದ ಮೇಲೆ ನಿಲ್ಲುತ್ತೆ. ಒಳ್ಳೇ ಬೆಳಕು, ಒಳ್ಳೇ ಹಾಡು. ನೋವೇ ಸುಂದರವಾಗಿ ಕಾಣುತ್ತೆ. ಅವನು ಹಾಕೋ ಬಿಳಿ ಟೀ-ಶರ್ಟ್ ಯಾವ ಕಂಪನಿಯದು ಅಂತ ಜನ ಹುಡುಕಿ ಕೊಂಡುಕೊಂಡರು. ‘ಯೆಸ್, ಶೆಫ್’ ಅನ್ನೋದು ತಮಾಷೆಯ ಮಾತಾಯ್ತು. 2024ರ ಸೆಪ್ಟೆಂಬರ್‌ನಲ್ಲಿ ಒಂದೇ ವರ್ಷಕ್ಕೆ 11 ಎಮ್ಮಿ ಪ್ರಶಸ್ತಿ ಬಂದವು, ಆಗ ಅದು ದಾಖಲೆ. ಯಾವ ವಿಭಾಗದಲ್ಲಿ ಗೊತ್ತಾ? ಕಾಮಿಡಿ. ಆತ್ಮಹತ್ಯೆ, ಹೊಟ್ಟೆಹುಣ್ಣು, ಉಸಿರುಕಟ್ಟು, ಎಲ್ಲ ಕಾಮಿಡಿ!

ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಕಾರ್ಮಿ ನಾನು ಈ ಕೆಲಸ ಬಿಡ್ತೀನಿ, ನೀವು ನಡೆಸಿ ಅಂತಾನೆ. ಸರಿ, ಒಬ್ಬ ಮನುಷ್ಯನ ಮಟ್ಟಿಗೆ ಅದು ಬಿಡುಗಡೆ ಇರಬಹುದು. ಆದರೆ ಪಿಸುಗುಟ್ಟಿದವನ ಅಡುಗೆಮನೆಯಲ್ಲಿ ಇವತ್ತು ನಿಂತಿರೋ ಬೇರೆ ಹುಡುಗನ ಗತಿ? ಅಡುಗೆಮನೆಯ ರೋಗವನ್ನ ಒಬ್ಬ ಹೀರೋನ ಮನಸ್ಸಿನ ರೋಗ ಮಾಡಿಬಿಟ್ಟರೆ, ಹೀರೋ ಹುಷಾರಾದ ಕೂಡಲೇ ಕಥೆ ಮುಗಿದ ಹಾಗಾಗುತ್ತೆ. ಸೀರಿಯಲ್ಲಿನಲ್ಲಿ ಸಾಲದ ಲೆಕ್ಕ ಬರುತ್ತೆ, ಮಿಷೆಲಿನ್ ಸ್ಟಾರ್ ಚಿಂತೆ ಬರುತ್ತೆ. ಪಾತ್ರೆ ತೊಳೆಯೋನ ಕೈಗೆ ತಿಂಗಳಿಗೆ ಎಷ್ಟು ಸಿಗುತ್ತೆ, ಅವನ ಮನೆ ಎಲ್ಲಿ ಅನ್ನೋದು ಎಷ್ಟು ಸಲ ಬಂತು? ಅಮೆರಿಕದಲ್ಲಿ ಟಿಪ್ಸ್ ಪಡೆಯೋ ಹೋಟೆಲ್ ಕೆಲಸಗಾರರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಮಿಕ್ಕಿದ್ದಕ್ಕೆ ಟಿಪ್ಸ್ ನಂಬಬೇಕು. ಅದಕ್ಕೇ ಶಿಕಾಗೋ ನಗರಸಭೆ 2023ರಲ್ಲಿ, ಈ ತಾರತಮ್ಯದ ಕೂಲಿಯನ್ನ ಹಂತಹಂತವಾಗಿ ತೆಗೆಯೋ ಕಾನೂನು ಮಾಡಿತು. ಅದೇ ಊರಿನ ಕಥೆ ಇದು.

ಈಗ ನೀವು ಒಂದು ಪ್ರಶ್ನೆ ಕೇಳ್ತೀರಿ, ಗೊತ್ತು. ಹೋಟೆಲ್ ಕೆಲಸದಲ್ಲಿ ಗಟ್ಟಿ ಮಾತಾಡದೆ ಆಗುತ್ತೇನ್ರೀ? ಕುದಿಯೋ ಎಣ್ಣೆ ಹಿಡಿದವನು ‘ಹಿಂದೆ ಇದೀನಿ’ ಅಂತ ಕೂಗಲೇಬೇಕು. ದೋಸೆ ಸೀದರೆ ಭಟ್ಟರು ಗದರಲೇಬೇಕು. ಖಂಡಿತ. ಕೂಗೋದು ಬೇರೆ, ಕೀಳು ಮಾಡೋದು ಬೇರೆ. ‘ದೋಸೆ ಸೀದಿದೆ, ಮತ್ತೆ ಹಾಕು’ ಅನ್ನೋದು ದೋಸೆ ಬಗ್ಗೆ ಮಾತು. ‘ನಿನ್ನ ಜನ್ಮಕ್ಕೆ’ ಅಂತ ಶುರುವಾದರೆ ಅದು ದೋಸೆ ಬಗ್ಗೆ ಅಲ್ಲ. ಈ ಗೆರೆ ಪ್ರತಿಯೊಬ್ಬ ಯಜಮಾನನಿಗೂ ಗೊತ್ತಿರುತ್ತೆ.

ನಮ್ಮಲ್ಲಿ ಈ ಗೆರೆ ಅಳಿಸೋಕೆ ಗಾದೆಗಳೇ ಇವೆ. ‘ಬೈದು ಹೇಳುವವರು ಬದುಕೋಕೆ ಹೇಳ್ತಾರೆ.’ ‘ಛಡಿ ಚಂ ಚಂ, ವಿದ್ಯೆ ಘಂ ಘಂ.’ ಕೇಳಿಕೊಂಡೇ ಬೆಳೆದವರು ನಾವು. ಅದಕ್ಕೇ ಆ ಅಮೆರಿಕದ ಶೆಫ್ ಹೇಳಿದ್ದು ನಮ್ಮ ಕಿವಿಗೆ ಹೊಸದು ಅನ್ನಿಸೋದಿಲ್ಲ. ಮೇಷ್ಟ್ರು ಹೊಡೆದಿದ್ದಕ್ಕೇ ಉದ್ಧಾರ ಆದೆ ಅನ್ನೋರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಹೊಡೆತ ತಡೆಯದೆ ಶಾಲೆ ಬಿಟ್ಟವನು ಎಲ್ಲಿದ್ದಾನೆ ಅಂತ ಯಾರೂ ಹುಡುಕಿ ಹೋಗೋದಿಲ್ಲ. ಅವನು ವೇದಿಕೆ ಹತ್ತಿ ಮಾತಾಡೋದಿಲ್ಲವಲ್ಲ!

ಹೋಟೆಲ್ ವಿಷಯದಲ್ಲಿ ನಮ್ಮದೇ ಒಂದು ಇತಿಹಾಸ ಇದೆ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಸಣ್ಣ ವಯಸ್ಸಿಗೇ ಹುಡುಗರು ಮುಂಬೈಗೆ ಹೋದರು. ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದರು, ಟೇಬಲ್ ಒರೆಸಿದರು, ಪೆಟ್ಟೂ ತಿಂದರು. ಅದನ್ನ ಚಿನ್ನದ ಕಾಲ ಅಂತ ನಾನು ಹೇಳೋದಿಲ್ಲ. ಅವರು ಮಕ್ಕಳು. ಹದಿನಾಲ್ಕು ವರ್ಷದೊಳಗಿನವರನ್ನ ಹೋಟೆಲ್, ಢಾಬಾಗಳಲ್ಲಿ ದುಡಿಸಬಾರದು ಅಂತ ಆದೇಶ ಜಾರಿಯಾಗೋಕೆ 2006ರ ಅಕ್ಟೋಬರ್ ತನಕ ಕಾಯಬೇಕಾಯ್ತು. ಆದರೆ ಅದೇ ಮುಂಬೈಯಲ್ಲಿ ಕನ್ನಡದ ರಾತ್ರಿಶಾಲೆಗಳು ಹುಟ್ಟಿಕೊಂಡವು. ಹಗಲು ಹೋಟೆಲು, ರಾತ್ರಿ ಪಾಠ. ಅಲ್ಲಿ ಓದಿ ಮುಂದೆ ಬಂದವರು ಎಷ್ಟೋ ಜನ. ಅವರು ಮುಂದೆ ಬಂದದ್ದು ಗಲ್ಲಾದ ಮೇಲೆ ಕೂತವನ ಬೈಗುಳದಿಂದಲೋ, ರಾತ್ರಿ ದೀಪ ಹಚ್ಚಿ ಕಾದು ಕೂತ ಮೇಷ್ಟ್ರಿಂದಲೋ? ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ.

ಕಿರುಚಾಟದ ಬಗ್ಗೆ ಒಬ್ಬ ಟಿವಿ ನಿರೂಪಕ ಉಪದೇಶ ಮಾಡೋದಾ ಅಂತ ಕೆಲವರು ನಗ್ತಿರಬಹುದು. ನಗಿ, ಪರವಾಗಿಲ್ಲ. ಹೊತ್ತಿಗೆ ಸರಿಯಾಗಿ ಎಲ್ಲ ಆಗಬೇಕಾದ ಪ್ರತಿ ಜಾಗದಲ್ಲೂ ಈ ರೋಗ ಇರುತ್ತೆ. ಅಡುಗೆಮನೆ, ಸಿನಿಮಾ ಸೆಟ್ಟು, ಆಸ್ಪತ್ರೆ, ಗಾರ್ಮೆಂಟ್ಸ್ ಫ್ಯಾಕ್ಟರಿ, ಸಾಫ್ಟ್‌ವೇರ್ ಕಂಪನಿ, ನ್ಯೂಸ್ ರೂಮು. ಅವಸರ ಇದೆ ಅನ್ನೋದನ್ನೇ ನೆಪ ಮಾಡಿಕೊಂಡು ಕೆಳಗಿನವನ ಮಾನ ಕಳೀತಾರೆ. ಅವನು ಅದನ್ನ ನುಂಗಿ, ತಾನು ಮೇಲೆ ಬಂದ ದಿನ ಮುಂದಿನವನ ಮೇಲೆ ಕಾರ್ತಾನೆ. ನಾನೂ ಹೀಗೇ ಬಂದಿದ್ದು ಅಂತ ಹೆಮ್ಮೆಯಿಂದ ಹೇಳ್ತಾನೆ.

‘ದಿ ಬೇರ್’ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ನೋಡಿ, ಒಳ್ಳೇ ಸೀರಿಯಲ್. ಆದರೆ ಆ ಔತಣಕೂಟದ ದೃಶ್ಯ ಬಂದಾಗ ಒಂದು ನಿಮಿಷ ನಿಲ್ಲಿಸಿ. ಕಾರ್ಮಿಗೆ ಹೊಳೆಯದ ಉತ್ತರ ಯಾವುದು ಅಂತ ಮನೆಯ ಮಕ್ಕಳನ್ನ ಕೇಳಿ. ‘ನನಗೆ ಕಲಿಸಿದವರು ಬೇರೆಯವರು, ನೀನು ಹೆದರಿಸಿದೆ ಅಷ್ಟೇ’ ಅನ್ನೋ ಒಂದು ವಾಕ್ಯ ಸಾಕಾಗಿತ್ತು ಅವನಿಗೆ. ನಾಳೆ ನಿಮ್ಮ ಮಗನೋ ಮಗಳೋ ಕೆಲಸಕ್ಕೆ ಸೇರಿದ ಜಾಗದಲ್ಲಿ ಯಾರೋ ಅವರ ಕಿವಿ ಹತ್ತಿರ ಬಂದು ಪಿಸುಗುಟ್ಟಬಹುದು. ಆಗ ಇದು ನನ್ನ ಒಳ್ಳೇದಕ್ಕೇ ಅಂತ ಅವರು ಅಂದುಕೊಳ್ಳದಿರಲಿ. ಮನೆಗೆ ಬಂದು ನಿಮ್ಮ ಹತ್ತಿರ ಹೇಳಲಿ. ಹೇಳಿದಾಗ ನೀವೂ ‘ಸಹಿಸ್ಕೋ, ಎಲ್ಲರೂ ಹೀಗೇ ಬಂದಿದ್ದು’ ಅನ್ನಬೇಡಿ.

ಯೋಚನೆ ಮಾಡಿ.